ಪೇಟೆ ಸುಟ್ಟ ಪಟ

ಹೆಸರು ಧರ್ಮಪ್ಪ. ಹೆಸರಿಟ್ಟ ಅಪ್ಪ-ಅಮ್ಮನ ತಪ್ಪೇನಿಲ್ಲ ಬಿಡಿ, ತೊಟ್ಟಿಲಲ್ಲಿ ಮಲಗಿದ್ದಾಗ ಯಾರ ಹಣೆಬರಹ ಯಾರಿಗೆ ಕಾಣುತ್ತದೆ? ಸಾಗರದಲ್ಲಿ ನಲವತ್ತೈದು ವರ್ಷ ಫೋಟೋ ಸ್ಟುಡಿಯೋ ನಡೆಸಿದ ಮನುಷ್ಯ. ಹೊಸನಗರ, ತೀರ್ಥಹಳ್ಳಿಯವರೆಗೆ ಆ ಕಾಲದಲ್ಲಿ ಮದುವೆಯಾದವರಲ್ಲಿ ಅರ್ಧಕ್ಕರ್ಧ ಜನ ಅವನ ಕ್ಯಾಮೆರಾದ ಮುಂದೆ ಗಲ್ಲ ಎತ್ತಿ ಕೂತವರೇ. "ಸ್ವಲ್ಪ ನಗ್ರೀ, ಹಲ್ಲು ಕೀಳ್ಸಕ್ಕೆ ಬಂದಿದೀರಾ?" ಎಂದು ಗದರಿಸಿ ಎಷ್ಟು ಮದುಮಕ್ಕಳನ್ನು ನಗಿಸಿದ್ದಾನೋ ಲೆಕ್ಕವಿಲ್ಲ.

ಆದರೆ ಅವನಿಗೆ ಹೆಸರು ತಂದದ್ದು ಮದುವೆಯಲ್ಲ, ಬೆಂಕಿ. ಎಂಬತ್ತೇಳರ ಮಾರ್ಚಿನಲ್ಲಿ ಪೇಟೆಯ ಏಳು ಅಂಗಡಿಗಳ ಒಂದು ಸಾಲು ಹೊತ್ತಿ ಉರಿದು ಬೂದಿಯಾಯಿತು. ಜೀವ ಹೋಗಲಿಲ್ಲ, ಮತ್ತೆಲ್ಲ ಹೋಯಿತು. ಬೆಂಕಿ ಇನ್ನೂ ಒಂದೇ ಒಂದು ಹೆಂಚಿನ ಮಾಡಿನ ಮೇಲೆ ನಾಲಿಗೆ ಚಾಚಿದ್ದ ಹೊತ್ತಿನಲ್ಲಿ ಪಟ ತೆಗೆದವನು ಧರ್ಮಪ್ಪ. ಮಾರನೆಯ ದಿನ ಅದು ಅವನ ಹೆಸರಿನ ಸಮೇತ ಪತ್ರಿಕೆಯಲ್ಲಿ ಬಂತು. ಅದನ್ನು ಕತ್ತರಿಸಿ, ಕಟ್ಟು ಹಾಕಿಸಿ, ಸ್ಟುಡಿಯೋದ ಗೋಡೆಗೆ ತೂಗುಹಾಕಿದ. ಬಂದವರೆಲ್ಲ "ಎಂಥಾ ಫೋಟೋ ಮಾರಾಯ್ರೆ!" ಅನ್ನುತ್ತಿದ್ದರು. ಅವನು ಮಾತ್ರ ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದ. ಎಂಥ ವಿನಯ ಅಂದುಕೊಂಡರು ಜನ. ವಿನಯವಂತೆ, ವಿನಯ!

ಈಗ ಎರಡು ವಾರದ ಕೆಳಗೆ ಕವನಾ ಅವನ ಮನೆಗೆ ಬಂದಳು. ತೀರ್ಥಹಳ್ಳಿ ಕಡೆಯ ಹುಡುಗಿ, ಸಾಗರದಲ್ಲಿ ಕಾಲೇಜಿನ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತಾಳೆ. ದೊಡ್ಡ ದೊಡ್ಡ ಊರುಗಳು ಹಿಂದೆ ಹೇಗೆ ಸುಟ್ಟುಹೋದವು ಅನ್ನುವುದನ್ನು ಹಳೇ ಫೋಟೋಗಳಲ್ಲಿ ತೋರಿಸುವ ಒಂದು ಪ್ರದರ್ಶನ ಮಾಡಬೇಕೆಂದು ಹೊರಟಿದ್ದಳು. ಚಿಕಾಗೋ, ಸ್ಯಾನ್ ಫ್ರಾನ್ಸಿಸ್ಕೋ, ಮುಂಬಯಿಯ ಬಂದರು. ಕೊನೆಯಲ್ಲಿ ನಮ್ಮ ಸಾಗರದ ಪೇಟೆ.

"ನಿಮ್ಮ ಪಟಾನೇ ಕೊನೇದು ಸರ್. ಅವತ್ತೇ ನಿಮಗೊಂದು ಸನ್ಮಾನ," ಅಂದಳು. ಆಮೇಲೆ ಚಿಕಾಗೋದ ಫೋಟೋ ತೆಗೆದು ಅವನ ಮುಂದಿಟ್ಟಳು. ಮಾಡಿಲ್ಲದ ಮೊಂಡು ಗೋಡೆಗಳು, ನಡುವೆ ಕಲ್ಲಿನ ರಾಶಿ. "ಸಾವಿರದ ಎಂಟುನೂರ ಎಪ್ಪತ್ತೊಂದು ಸರ್. ಹಾಲು ಮಾರೋ ಒಬ್ಬ ಹೆಂಗಸಿನ ಹಸು ದೀಪ ಒದ್ದು ಊರೆಲ್ಲ ಸುಟ್ಟೋಯ್ತು ಅಂತ ಪೇಪರ್‌ನೋರು ಬರೆದ್ರು. ಜನ ನಂಬಿದ್ರು. ನೂರಿಪ್ಪತ್ತಾರು ವರ್ಷ ಆದ್ಮೇಲೆ ಆ ಊರಿನ ನಗರಸಭೆ, ಅವಳದ್ದೇನೂ ತಪ್ಪಿಲ್ಲ ಅಂತ ಹೇಳ್ತು."

"ಆಗ ಅವಳು ಇದ್ಲಾ?" ಎಂದು ಕೇಳಿದ ಧರ್ಮಪ್ಪ.

ಕವನಾ ನಕ್ಕುಬಿಟ್ಟಳು. "ಎಂತ ಸರ್ ನೀವು! ಯಾವಾಗ್ಲೋ ಸತ್ತೋಗಿದ್ಲು. ಅಂದ ಹಾಗೆ, ಈ ಊರಲ್ಲೂ ದೀಪದ ಮಾಸ್ತಮ್ಮ ಅಂತ ಒಬ್ರಿದ್ರಂತಲ್ಲ, ಅವರ ದೀಪದಿಂದಾನೇ ಪೇಟೆ ಸುಟ್ಟಿದ್ದಂತೆ? ಅದನ್ನೂ ನಿಮ್ಮ ಪಟದ ಕೆಳಗೆ ಬರೆಸ್ತೀನಿ. ಎರಡೂ ಕಥೆ ಅಕ್ಕಪಕ್ಕ ಇದ್ರೆ ಚೆನ್ನಾಗಿರುತ್ತೆ."

ಧರ್ಮಪ್ಪ ಕುಡಿಯುತ್ತಿದ್ದ ಕಾಫಿಯನ್ನು ಪಕ್ಕಕ್ಕಿಟ್ಟ. "ಬರೆಸ್ಬೇಡಮ್ಮ. ನೆಗೆಟಿವ್ ಹುಡುಕಿ ಹೊಸ ಪ್ರಿಂಟ್ ಮಾಡಿಸಿ ಕೊಡ್ತೀನಿ, ಅಲ್ಲೀವರೆಗೂ ಏನೂ ಬರೆಸ್ಬೇಡ," ಅಂದ. ಹುಡುಕುವುದೇನು ಬಂತು! ಆ ನೆಗೆಟಿವ್ ಮೂವತ್ತೆಂಟು ವರ್ಷದಿಂದ ಅವನ ಕಪಾಟಿನ ಮೇಲಿನ ಅರೆಯಲ್ಲಿ, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿತ್ತು.

ಬೆಂಕಿ ಬಿದ್ದ ಆ ಸಂಜೆ ಏನಾಯಿತೆಂದು ಹೇಳಿಬಿಡುತ್ತೇನೆ. ಪೇಟೆಯ ಹಿರಿಯ ವರ್ತಕರೊಬ್ಬರು ತೀರಿಕೊಂಡಿದ್ದರಿಂದ ಅಂಗಡಿಗಳೆಲ್ಲ ಆರೂವರೆಗೇ ಬಾಗಿಲು ಹಾಕಿದ್ದವು. ಆ ಸಾಲನ್ನು ಹಿಂಬದಿಯ ಗದ್ದೆಯಿಂದ ನೋಡಿದರೆ ಬೋರ್ಡಿಲ್ಲ, ಗುರುತಿಲ್ಲ, ಏಳಕ್ಕೆ ಏಳೂ ಒಂದೇ ಥರದ ಹೆಂಚಿನ ಮಾಡು. ಎಡದಿಂದ ಎರಡನೆಯದು ಭೂತಪ್ಪ ಮತ್ತು ಅವನ ಹೆಂಡತಿ ಮಾಸ್ತಮ್ಮನ ಹಗ್ಗ-ಚಾಪೆಯ ಅಂಗಡಿ. ಬಲದಿಂದ ಎರಡನೆಯದು ಒಂದು ಬಟ್ಟೆ ಅಂಗಡಿಯ ಗೋದಾಮು. ಹೊಗೆ ಕಂಡು ಗದ್ದೆಯ ಬದುವಿನ ಮೇಲೆ ಓಡಿಬಂದ ಧರ್ಮಪ್ಪನ ಕೊರಳಲ್ಲಿ, ಮೇಲಿನಿಂದ ಬಗ್ಗಿ ನೋಡುವ ಹಳೇ ಕ್ಯಾಮೆರಾ ಇತ್ತು. ಅದರ ಗಾಜಿನಲ್ಲಿ ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ ಕಾಣುತ್ತದೆ. ಒಂದೇ ಪಟ ತೆಗೆದ. ಅಷ್ಟರಲ್ಲಿ ಗಾಳಿ ಎದ್ದಿತು, ಜನ ಕೊಡಪಾನ ಹಿಡಿದು ಬರುವಷ್ಟರಲ್ಲಿ ಏಳೂ ಮಾಡು ಉರಿಯುತ್ತಿದ್ದವು.

ಶಿವಮೊಗ್ಗದ ಬಸ್ಸಿಗೆ ಪ್ರಿಂಟ್ ಕೊಟ್ಟು ಕಳಿಸುವ ಅವಸರ. ನೆಗೆಟಿವ್‌ಗೆ ಒಂದು ಮಗ್ಗಲು ಹೊಳಪು, ಇನ್ನೊಂದು ಮಗ್ಗಲು ಮಂಕು. ಮಂಕು ಮಗ್ಗಲು ಕಾಗದದ ಕಡೆಗೆ ಇರಬೇಕು, ಇಲ್ಲವಾದರೆ ಪಟ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ. ಇದು ಆ ಕಸುಬಿನ ಮೊದಲ ಪಾಠ. ಆದರೆ ಒದ್ದೆಯಿದ್ದಾಗ ಎರಡೂ ಮಗ್ಗಲು ಹೊಳೆಯುತ್ತವೆ. ಒಣಗುವ ತನಕ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಉಲ್ಟಾ ಬಂದ ಪ್ರಿಂಟು ನೋಡಿದಾಗಲೂ ಅವನಿಗೆ ಅನುಮಾನ ಬರಲಿಲ್ಲ, ಕ್ಯಾಮೆರಾದ ಗಾಜಿನಲ್ಲಿ ಕಂಡದ್ದೂ ಹಾಗೇ ಇತ್ತಲ್ಲ! ಗೋದಾಮಿನ ಬೆಂಕಿ ಹೀಗೆ ಮಾಸ್ತಮ್ಮನ ಮಾಡಿನ ಮೇಲೆ ಹೋಗಿ ಕೂತಿತು.

ಇಲ್ಲಿಯವರೆಗಿನದು ತಪ್ಪು. ತಪ್ಪು ಯಾರಿಗಾಗುವುದಿಲ್ಲ? ಮೂರನೆಯ ದಿನದ್ದು ತಪ್ಪಲ್ಲ.

ಮೂರನೆಯ ದಿನ, ಪೊಲೀಸರು ದೊಡ್ಡ ಪ್ರಿಂಟ್ ಕೇಳಿದರು. ಒಣಗಿದ ನೆಗೆಟಿವ್ ಕೈಗೆ ತೆಗೆದುಕೊಂಡ ಧರ್ಮಪ್ಪನಿಗೆ ಮಂಕು ಮಗ್ಗಲು ಬೆರಳಿಗೇ ತಿಳಿಯಿತು. ಮೊದಲ ಪ್ರಿಂಟು ಉಲ್ಟಾ ಆಗಿದೆ ಎಂದು ಆಗ ಗೊತ್ತಾಯಿತು. ಪತ್ರಿಕೆಯಲ್ಲಿ ಹೆಸರು ಬಂದಾಗಿದೆ, ಶಿವಮೊಗ್ಗದಿಂದ ಶಹಬ್ಬಾಸ್ ಎಂದು ಕಾಗದ ಬಂದಾಗಿದೆ. ಈಗ ಹೋಗಿ, ಪಟ ಉಲ್ಟಾ ಹಾಕಿದ್ದೆ ಅಂದರೆ? ಒಂದು ನೆಗೆಟಿವ್ ನೆಟ್ಟಗೆ ಹಿಡಿಯಲು ಬಾರದವನು ಅಂತ ಊರೆಲ್ಲ ಆಡಿಕೊಳ್ಳುವುದಿಲ್ಲವೇ? ಬಾಗಿಲು ಹಾಕಿಕೊಂಡ. ಹೊಳಪು ಮಗ್ಗಲನ್ನೇ ಕಾಗದದ ಕಡೆಗಿಟ್ಟು, ಗೊತ್ತಿದ್ದೂ ಗೊತ್ತಿದ್ದೂ, ಎರಡನೆಯ ಸಲ ಅದೇ ಸುಳ್ಳನ್ನು ಪ್ರಿಂಟ್ ಹಾಕಿದ.

ಠಾಣೆಗೆ ಕೊಡಲು ಹೋದರೆ ಅಲ್ಲಿ ಮಾಸ್ತಮ್ಮ ನಿಂತಿದ್ದಳು. ದಿನಾ ಸಂಜೆ ಅಂಗಡಿಯಲ್ಲಿ ದೇವರಿಗೆ ದೀಪ ಹಚ್ಚಿ, ಹೋಗುವಾಗ ಬಾಗಿಲು ಹಾಕುತ್ತಿದ್ದವಳು ಅವಳೇ. ಎಲ್ಲಿಂದಲೋ ವರ್ಗವಾಗಿ ಬಂದಿದ್ದ ಎಳೆಯ ಅಧಿಕಾರಿ, "ದೀಪ ಆರಿಸಿದ್ರೇನಮ್ಮಾ?" ಎಂದು ಕೇಳಿದ.

"ಅಯ್ಯಯ್ಯೋ, ಬಿಡ್ತು ಅನ್ನಿ! ದೊಡ್ಡದು ಮಾಡೇ ಬಾಗ್ಲು ಹಾಕಿದ್ದು ಸ್ವಾಮಿ," ಅಂದಳು ಮಾಸ್ತಮ್ಮ.

ನಮ್ಮ ಕಡೆ ದೇವರ ದೀಪವನ್ನು ಯಾರೂ ಆರಿಸುವುದಿಲ್ಲ. ಆ ಮಾತೇ ಅಪಶಕುನ. ಆರಿಸುವುದಕ್ಕೆ ದೊಡ್ಡದು ಮಾಡುವುದು ಅನ್ನುತ್ತೇವೆ. ಆ ಪುಣ್ಯಾತ್ಮನಿಗೆ ಅದೆಲ್ಲಿ ಗೊತ್ತು? "ದೀಪವನ್ನು ದೊಡ್ಡದು ಮಾಡಿ ಬಂದಿರುತ್ತೇನೆ" ಎಂದು ಬರೆದುಕೊಂಡ. ಬರೆಯುತ್ತ, ಗಟ್ಟಿಯಾಗಿ ಓದಿದ. ಮಾಸ್ತಮ್ಮ ಸರಿ ಎಂದು ತಲೆಯಾಡಿಸಿದಳು. ಆ ಮಾತಿನ ಅರ್ಥವೂ ಗೊತ್ತಿದ್ದು, ಪಟದ ಸುಳ್ಳೂ ಗೊತ್ತಿದ್ದು ಆ ಕೋಣೆಯಲ್ಲಿ ಇದ್ದವನು ಒಬ್ಬನೇ. ಅವನು ಪ್ರಿಂಟನ್ನು ಮೇಜಿನ ಮೇಲಿಟ್ಟು, ನಮಸ್ಕಾರ ಹೇಳಿ ಬಂದುಬಿಟ್ಟ.

ಕೇಸೇನೂ ಆಗಲಿಲ್ಲ, ಆಕಸ್ಮಿಕ ಅಂದರು. ಊರು ಹಾಗನ್ನಲಿಲ್ಲ. ದೀಪ ದೊಡ್ಡದು ಮಾಡಿದೆ ಎಂದು ಅವಳು ಎಷ್ಟು ಹೇಳಿದರೂ, "ಮರೆತಿರ್ತೀಯ ಬಿಡು, ಪಟ ಸುಳ್ಳು ಹೇಳ್ತದಾ?" ಅಂದರು. ದೀಪದ ಮಾಸ್ತಮ್ಮ ಎಂದು ಹೆಸರಿಟ್ಟರು. ಒಂದು ವರ್ಷ ಕಳೆಯುವುದರೊಳಗೆ ಗಂಡ ಹೆಂಡತಿ ಹಿನ್ನೀರು ದಾಟಿ ಬ್ಯಾಕೋಡಿಗೆ ಹೋದರು.

ಹೋಗಿ ಹೇಳಬೇಕು, ಹೇಳಬೇಕು ಎಂದು ಧರ್ಮಪ್ಪ ಅಂದುಕೊಂಡದ್ದು ಎಷ್ಟು ಸಲ! ಒಮ್ಮೆ ಹಿನ್ನೀರು ದಾಟಿಸುವ ಲಾಂಚ್ ಹೊರಟುಹೋಗಿತ್ತು, ಒಮ್ಮೆ ಲಾಂಚಿನಲ್ಲಿ ಜಾಗವಿರಲಿಲ್ಲ, ಒಮ್ಮೆ ಹೊಳೆ ಏರಿತ್ತು. ನೆಪ ಹೇಳುವವನಿಗೆ ಆ ಲಾಂಚಿನಷ್ಟು ಉಪಕಾರ ಇನ್ಯಾರೂ ಮಾಡಲಿಲ್ಲ. ಈಗ ಸೇತುವೆಯಾಗಿದೆ. ಪ್ರದರ್ಶನದ ಹಿಂದಿನ ದಿನ ಬೆಳಗಿನ ಬಸ್ಸು ಹತ್ತಿದವನನ್ನು, ಸೇತುವೆಯ ಮೇಲೆ ನಾಲ್ಕು ನಿಮಿಷವೂ ಆಗಲಿಲ್ಲ, ಆಚೆ ದಡಕ್ಕೆ ತಂದು ಬಿಟ್ಟಿತು.

ಮಾಸ್ತಮ್ಮ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಯಾರು, ಸ್ಟುಡಿಯೋ ಧರ್ಮಣ್ಣನಾ? ಬನ್ನಿ, ಬನ್ನಿ. ಸೇತುವೆ ಆದ್ಮೇಲೆ ಹಾದಿ ಮರೆತೋರೆಲ್ಲ ಬರ್ತಿದಾರೆ." ಒಳಗಿದ್ದ ಸೊಸೆಯನ್ನು ಕೂಗಿ ಬೆಲ್ಲ, ನೀರು ತರಿಸಿದಳು. ಸೊಸೆ ಕುಮುದಾ ಇಟ್ಟು ಹೋದಳು. ಧರ್ಮಪ್ಪ ಬೆಲ್ಲ ಮುಟ್ಟಲಿಲ್ಲ. ಚೀಲದಿಂದ ಎರಡು ಪಟ ತೆಗೆದು ಅವಳ ಮುಂದೆ ಹಾಸಿದ. ಒಂದು ಪತ್ರಿಕೆಯದು, ಒಂದು ನೆಟ್ಟಗಿನದು. ಹೇಳಿದ. ಮಂಕು ಮಗ್ಗಲು, ಹೊಳಪು ಮಗ್ಗಲು, ಗೋದಾಮು, ನಾಳೆಯ ಸನ್ಮಾನ, ಎಲ್ಲ ಹೇಳಿದ.

ಮಾಸ್ತಮ್ಮ ಎರಡನ್ನೂ ಬಹಳ ಹೊತ್ತು ನೋಡಿದಳು.

"ತಪ್ಪಿ ಆಗಿದ್ದಾ?"

"ಮೊದಲ್ನೇ ಸಲ ತಪ್ಪಿ ಆಯ್ತು ಅಕ್ಕ."

"ಮೊದಲ್ನೇ ಸಲ ಅಂದ್ರೆ?"

ಧರ್ಮಪ್ಪ ನೀರಿನ ಚೊಂಬನ್ನೇ ನೋಡುತ್ತ ಹೇಳಿದ. "ಠಾಣೆಗೆ ಕೊಟ್ಟಿದ್ದು ಗೊತ್ತಿದ್ದೇ ಹಾಕ್ದೆ. ನನ್ನ ಹೆಸರು ಹೋಗ್ತದೆ ಅಂತ."

"ಹಾಳಾಗ್ಹೋಗ್ಲಿ ನಿಮ್ಮ ಹೆಸ್ರು!" ಅವಳ ಮಡಿಲಿನ ಹುಣಸೆಬೀಜ ಜಗಲಿಯ ತುಂಬ ಚೆಲ್ಲಿತು. "ಊರೋರು ಬೈದ್ರು, ನಾನೂ ಬೈದೆ, ಅದು ಹೋಗ್ಲಿ. ನಮ್ಮನೆಯೋರು ಒಂದಿನ ಬೈಲಿಲ್ಲ ಧರ್ಮಣ್ಣ. ಇಲ್ಲಿಗೆ ಬಂದ್ಮೇಲೆ ದಿನಾ ಸಂಜೆ ಕೇಳ್ತಿದ್ರು, 'ದೀಪ ದೊಡ್ಡದು ಮಾಡಿದ್ಯೇನೇ?' ಅಂತ. ಅಷ್ಟೇ. ನಾನು ಹೂಂ ಅಂತಿದ್ದೆ, ಇವ್ರು ಎದ್ಹೋಗಿ ಮತ್ತೊಂದ್ಸಲ ನೋಡಿ ಬರ್ತಿದ್ರು. ಮೂವತ್ತು ವರ್ಷ! ನೋಡಿ ನೋಡಿ ನಂಗೇ ಅನುಮಾನ ಬಂತು, ಅವತ್ತು ನಾನೇ ಮರೆತ್ನೇನೋ ಅಂತ. ಆಮೇಲೆ ದೀಪ ಹಚ್ಚೋದೇ ಬಿಟ್ಟೆ. ಈಗ ಸೊಸೆ ಹಚ್ತಾಳೆ. ಸಾಯೋ ದಿನ ಕೂಡಾ ಇವ್ರು ಅದನ್ನೇ ಕೇಳಿದ್ದು."

ಧರ್ಮಪ್ಪ ಕೈ ಮುಗಿದ. "ಅಕ್ಕ, ನನ್ನ..."

"ನಂಗೆ ಹೇಳ್ಬೇಡಿ. ನಂಗೆ ಹೇಳಿ ಎಂತ ಪ್ರಯೋಜನ?" ಮಂಡಿಗೆ ಕೈ ಊರಿ ಎದ್ದಳು. ನೆಟ್ಟಗಿನ ಪಟ ತೆಗೆದುಕೊಂಡು ಒಳಗೆ ನಡೆದಳು. ಧರ್ಮಪ್ಪ ಹಿಂದೆಯೇ ಹೋದ. ನಡುಮನೆಯ ಗೋಡೆಯಲ್ಲಿ, ಒಣಗಿದ ಮಾಲೆಯೊಳಗೆ, ಭೂತಪ್ಪನ ಫೋಟೋ ಇತ್ತು. ಮದುವೆಯ ವರ್ಷದ್ದು. ಧರ್ಮಪ್ಪನೇ ತೆಗೆದದ್ದು, ಹಲ್ಲಿನ ಮಾತು ಹೇಳಿ ನಗಿಸಿ.

ಮಾಸ್ತಮ್ಮ ಬೆಂಕಿಯ ಪಟವನ್ನು ಆ ಫೋಟೋದ ಎದುರು ಎರಡೂ ಕೈಯಲ್ಲಿ ಎತ್ತಿ ಹಿಡಿದಳು, ಗಂಡನಿಗೆ ಸರಿಯಾಗಿ ಕಾಣುವ ಹಾಗೆ.

"ಇವ್ರಿಗೆ ಹೇಳಿ," ಅಂದಳು.

ಧರ್ಮಪ್ಪ ಫೋಟೋದ ಕಡೆ ತಿರುಗಿದ. "ಭೂತಪ್ಪಣ್ಣ, ಅವತ್ತು..." ಎಂದು ತೊದಲಿದ.

"ಕೊನೆಕೊನೆಗೆ ಕಿವಿ ಮಂದ ಇತ್ತು ಇವ್ರಿಗೆ. ಜೋರಾಗಿ ಹೇಳಿ."

"ಭೂತಪ್ಪಣ್ಣ! ಅವತ್ತು ಮಾಸ್ತಮ್ಮಕ್ಕ ದೀಪ ದೊಡ್ಡದು ಮಾಡೇ ಬಂದಿದ್ರು! ಸುಳ್ಳು ಹೇಳಿದ್ದು ನಾನು!"

ಅಡುಗೆಮನೆಯಿಂದ ಕುಮುದಾ ಓಡಿಬಂದು ಬಾಗಿಲಲ್ಲಿ ನಿಂತಳು. ಮಾಸ್ತಮ್ಮ ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ. ಕೊನೆಗೆ ಪಟ ಇಳಿಸಿ, ಸೆರಗಿನಿಂದ ಅದರ ಮೇಲೆ ಬಿದ್ದ ಕಣ್ಣೀರು ಒರೆಸಿ, ಅವನ ಕೈಗೆ ಕೊಟ್ಟಳು.

"ನಾಳೆ ನಿಮಗೆ ಸನ್ಮಾನ ಅಂದ್ರಲ್ಲ, ಮೈಕ್ ಇರ್ತದಲ್ಲ? ಈಗ ಹೇಳಿದ್ದನ್ನೇ ಅಲ್ಲಿ ಹೇಳಿ. ಇಷ್ಟೇ ಜೋರಾಗಿ," ಅಂದಳು. "ನಾನು ಮುಂದಿನ ಸಾಲಲ್ಲಿ ಕೂತಿರ್ತೀನಿ. ನಂಗೆ ಕಿವಿ ಚೆನ್ನಾಗೇ ಕೇಳ್ತದೆ."