ಪೆನ್ಸಿಲ್ ದಪ್ಪದ ಸಂದು

ನನ್ನ ಮದುವೆಯ ಪೆಟ್ಟಿಗೆಯೊಳಗೆ ಜೇನುಹುಳು ಬಂದು ಸೇರಿದ್ದನ್ನು ನಾನು ಮೊದಮೊದಲು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಒಬ್ಬರು ಹೊಗೆ ಹಾಕು ಎನ್ನುತ್ತಿದ್ದರು, ಇನ್ನೊಬ್ಬರು ಬಾಟಲಿ ಹಿಡಿದುಕೊಂಡು ಜೇನುತುಪ್ಪಕ್ಕೆ ನಿಲ್ಲುತ್ತಿದ್ದರು. ಪೆಟ್ಟಿಗೆ ಇದ್ದದ್ದು ತಿಕೋಟಾದಲ್ಲಿ, ನಮ್ಮ ಹೊಲದ ಮೋಟರ್ ಕೋಣೆಯಲ್ಲಿ. ಅದನ್ನು ಮಾಡಿದವನು ನನ್ನಪ್ಪ. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವನದು ಬಡಗಿ ಕೆಲಸ. ಯಾರದೋ ಬಾಗಿಲು ಮಾಡಿ ಉಳಿದ ದಪ್ಪ ಸಾಗುವಾನಿ ಹಲಗೆಯಿಂದ ನನ್ನ ಮದುವೆಗೆ ಅದನ್ನು ಬಡಿದುಕೊಟ್ಟಿದ್ದ. ಒಳಗೆ ಮೇಲಂಚಿನಲ್ಲಿ ಬಳೆಯ ತಟ್ಟೆ ಕೂರಲೆಂದು ಮೆಟ್ಟಿಲಿನಂತೆ ಸಣ್ಣ ಅಂಚು ಕೊರೆದಿದ್ದ.

ಮದುವೆಯಾಗಿ ಬಹಳ ವರ್ಷವೇನೂ ಆಗಿರಲಿಲ್ಲ, ಅಥಣಿ ರಸ್ತೆಯಲ್ಲಿ ಲಾರಿಯೊಂದು ಹಿಂದಿನಿಂದ ಗುದ್ದಿ ನನ್ನ ಗಂಡ ತೀರಿಕೊಂಡ. ಆಮೇಲೆ ಆ ಪೆಟ್ಟಿಗೆಯಲ್ಲಿ ಸೀರೆ ಇಡಲು ನನಗೆ ಮನಸ್ಸಾಗಲಿಲ್ಲ. ಹೊಲಕ್ಕೆ ಸಾಗಿಸಿ ನಟ್ಟು ತಿರುವುವ ಪಾನಾ, ಹಳೆಯ ವಾಲ್ವು, ಹರಿದ ಪೈಪು ತುಂಬಿದೆ. ಬಳೆಯ ತಟ್ಟೆ ಎಲ್ಲಿ ಹೋಯಿತೋ. ಬೀಗ ಕಿತ್ತುಹೋದ ತೂತಿನಿಂದ ಹುಳುಗಳು ಒಳಗೆ ಹೋಗುವುದನ್ನು ಕಂಡ ದಿನ ನನಗೆ ನಗು ಬಂತು. ಬೀಗದ ತೂತನ್ನೇ ತಲಬಾಗಿಲು ಮಾಡಿಕೊಂಡಿದ್ದವು.

ಮಧ್ಯಾಹ್ನದ ಬುತ್ತಿಯನ್ನು ನಾನು ಆ ಕೋಣೆಯಲ್ಲೇ ಬಿಚ್ಚುತ್ತಿದ್ದೆ. ಎದುರಿಗೆ ಆ ಗುಂಯ್ ಸದ್ದು. ಮನೆಯಲ್ಲಿ ಒಬ್ಬಳೇ ಉಂಡು ರೂಢಿಯಾದವಳಿಗೆ ಅದು ಎಷ್ಟು ಹಿತವಾಗಿತ್ತು ಎಂದು ಹೇಳಿದರೆ ಜನ ನನಗೆ ತಲೆ ಕೆಟ್ಟಿದೆ ಅಂದಾರು. ಅದಕ್ಕೇ ಊರಿಗೆ ಹೇಳದೆ, ಜೇನು ಸಾಕುವುದನ್ನು ಕಲಿಸುವವರೊಬ್ಬರ ಬಳಿ ಹೋಗಿ ಒಂದಿಷ್ಟು ಕಲಿತು ಬಂದೆ.

ತೊಂದರೆ ಶುರುವಾದದ್ದು ದ್ರಾಕ್ಷಿ ಹೂವಿನ ಹೊತ್ತಿಗೆ. ಪಕ್ಕದ ದ್ರಾಕ್ಷಿ ತೋಟ ನನ್ನ ಭಾವನದು, ಅಂದರೆ ಗಂಡನ ಅಣ್ಣನದು. ಒಳ್ಳೆಯ ಮನುಷ್ಯ. ಒಂದು ಶುಕ್ರವಾರ ಬದುವಿನ ಮೇಲೆ ನಿಂತು ಕೂಗಿದ.

“ಯವ್ವಾ, ಹೂವಿಗೆ ನುಸಿ ಬಿದ್ದದ. ನಿನ್ನ ಹುಳದ ಸಂಬಂಧ ಇಷ್ಟ ದಿನ ತಡದೀನಿ. ಇನ್ನ ತಡದ್ರ ನನ್ನ ದ್ರಾಕ್ಷಿ ಪಡಾನೇ ಹೋಗ್ತದ. ಸೋಮವಾರ ಮುಂಜಾನೆ ಔಷಧ ಹೊಡಿಯಾಂವ ನಾ. ಅಷ್ಟರಾಗ ಎಲ್ಲೆರ ಒಯ್ಯಿ.”

ಅವನ ಮೇಲೆ ಸಿಟ್ಟು ಮಾಡಲು ಒಂದು ಕಾರಣವೂ ಸಿಗಲಿಲ್ಲ. ಸಿಟ್ಟು ಮಾತ್ರ ಬಂತು. ನನಗೆ ಅದು ಕಾರಣ ಕೇಳಿಕೊಂಡು ಬರುವುದಿಲ್ಲ.

ಒಯ್ಯಲು ಜಾಗವಿತ್ತು. ಬಬಲೇಶ್ವರದ ಆಚೆ ಕಾಖಂಡಕಿಯಲ್ಲಿ ನನ್ನ ಅಕ್ಕನ ಹೊಲ, ಅದರ ತುಂಬ ಸೂರ್ಯಕಾಂತಿ. ಆದರೆ ಪೆಟ್ಟಿಗೆಯನ್ನು ಇದ್ದ ಹಾಗೆ ಎತ್ತಿ ಟಂಟಂ ಆಟೋದಲ್ಲಿ ಇಡುವಂತಿರಲಿಲ್ಲ. ಹುಳುಗಳು ಮೇಣದ ಎರಿಗಳನ್ನು ಮುಚ್ಚಳಕ್ಕೇ ಜೋತುಬಿಟ್ಟು ಕಟ್ಟಿದ್ದವು. ಆ ದಾರಿಯ ಮೊದಲ ತಗ್ಗಿಗೇ ಅವು ಕಳಚಿ ಬೀಳುತ್ತಿದ್ದವು, ಮರಿಯೂ ರಾಣಿಯೂ ಅದರಡಿ ಅಪ್ಪಚ್ಚಿ. ಎರಿಗಳನ್ನು ಕೊಯ್ದು, ಮರದ ಚೌಕಟ್ಟಿಗೆ ನೂಲಿನಿಂದ ಕಟ್ಟಿ, ಆ ಚೌಕಟ್ಟುಗಳನ್ನು ಬಳೆತಟ್ಟೆಯ ಅಂಚಿನ ಮೇಲೆ ಸಾಲಾಗಿ ಇಳಿಬಿಡಬೇಕು. ಪೇಟೆಯ ಚೌಕಟ್ಟು ಆ ಪೆಟ್ಟಿಗೆಗೆ ಕೂರುವುದಿಲ್ಲ. ಅಪ್ಪನಿಗೆ ಫೋನ್ ಮಾಡಿದೆ.

“ಅಳತಿ ಹೇಳಬ್ಯಾಡ ನನಗ,” ಅಂದ. “ಆ ಪೆಟಗಿ ಮಾಡಿದಾಂವ ನಾ.”

“ಪೆಟಗಿ ಅಳತಿ ಅಲ್ಲ ಯಪ್ಪಾ, ಸಂದಿಂದು. ಚೌಕಟ್ಟಿನ ಎರಡೂ ಬಾಜೂಕ ಸಂದ ಬಿಡಬೇಕು. ನಿನ್ನ ಕಿವಿ ಮ್ಯಾಲ ಪೆನ್ಸಿಲ್ ಇರ್ತದಲಾ, ಅಷ್ಟ ದಪ್ಪ. ಹೆಚ್ಚೂ ಇಲ್ಲ, ಕಡಿಮಿನೂ ಇಲ್ಲ.”

“ಬಡಗ್ಯಾ ಆಗಿ ಸಂದ ಬಿಡ್ಬೇಕಂತ! ಕೇಳಿದವರು ನಕ್ಕಾರು.”

“ನಗಲಿ. ಸಂದ ದೊಡ್ಡದಾದ್ರ ಅಲ್ಲೇ ಅಡ್ಡಾತಿಡ್ಡಿ ಎರಿ ಕಟ್ತಾವು. ಸಣ್ಣದಾದ್ರ ಹಾಯಾಕ ಬರೂದಿಲ್ಲ, ಸಿಕ್ಕೊಂಡ ಸಾಯ್ತಾವು. ಇಲ್ಲಂದ್ರ ಮನಿ ಬಿಟ್ಟ ಹಾರಿ ಹೋಗ್ತಾವು.”

ಹೂಂ ಅಂದ. ಹೂಂ ಅಂದದ್ದನ್ನು ನಾನು ನಂಬಿದೆ.

ರವಿವಾರ ಮುಂಜಾನೆಯೇ ಬರುತ್ತೇನೆ ಅಂದಿದ್ದವನು ತಿಕೋಟಾದಲ್ಲಿ ಬಸ್ಸು ಇಳಿದಾಗ ಹೊತ್ತು ವಾಲಿತ್ತು. ಒಂದು ಹೆಗಲಿಗೆ ಗೋಣಿಚೀಲದಲ್ಲಿ ಚೌಕಟ್ಟುಗಳು, ಇನ್ನೊಂದಕ್ಕೆ ಹತಾರದ ಚೀಲ. ತಡ ಯಾಕಾಯಿತು ಎಂದು ಕೇಳಿದರೆ ಹೊಲದ ಕಡೆ ನಡೆದುಬಿಟ್ಟ. ಟಂಟಂನವನಿಗೆ ಸಂಜೆಗೆ ಹೇಳಿಯಾಗಿತ್ತು. ಬೆಳಕಿರುವಾಗಲೇ ಎರಿಗಳನ್ನು ಕಟ್ಟಿ ಮುಗಿಸಬೇಕು, ಹೊರಗೆ ಹೋದ ಹುಳುಗಳು ಮರಳಿದ ಕೂಡಲೇ ಬೀಗದ ತೂತಿಗೆ ಜಾಲರಿ ಬಡಿದು ಹೊರಡಬೇಕು. ಕಟ್ಟಿದ ಎರಿ ಚೌಕಟ್ಟಿಗೆ ಹಿಡಿದುಕೊಳ್ಳಲು ನಾಲ್ಕು ದಿನ ಅಲುಗಾಡಿಸದೆ ಬಿಡಬೇಕು ಎಂದು ಕಲಿಸಿದವರು ಹೇಳಿದ್ದರು. ನಮ್ಮ ಬಳಿ ನಾಲ್ಕು ತಾಸೂ ಇರಲಿಲ್ಲ.

ಅಪ್ಪ ಮುಚ್ಚಳದ ಕೀಲು ಬಿಚ್ಚಿದ. ಇಬ್ಬರೂ ಎರಡು ತುದಿ ಹಿಡಿದು ಮುಚ್ಚಳವನ್ನು ನೆಟ್ಟಗೆ ಎತ್ತಿ, ಎರಿಗಳ ಸಮೇತ ಎರಡು ಸ್ಟೂಲುಗಳ ನಡುವೆ ಇಟ್ಟೆವು. ಕೋಣೆ ತುಂಬ ಹುಳು. ಮೊದಲ ಎರಿಯನ್ನು ಚೂರಿಯಿಂದ ಬಿಡಿಸಿ ಚೌಕಟ್ಟಿನಲ್ಲಿ ಕೂರಿಸಿ ನೂಲು ಸುತ್ತಿದೆ. ಹೆಬ್ಬೆರಳಿಗೆ ಎರಡು ಕಡಿದವು. ಚೌಕಟ್ಟನ್ನು ಪೆಟ್ಟಿಗೆಯೊಳಗೆ ಇಳಿಸಿದೆ.

ಅದು ಗೋಡೆಗೆ ಉಜ್ಜಿಕೊಂಡು ಇಳಿಯಿತು. ಬದಿಯಲ್ಲಿದ್ದ ಹುಳುಗಳು ಕಣ್ಣೆದುರೇ ಅರೆದುಹೋದವು.

ಅಪ್ಪನ ಕಿವಿಯ ಮೇಲಿನ ಪೆನ್ಸಿಲನ್ನು ಕಸಿದುಕೊಂಡು ಬದಿಯ ಸಂದಿಗೆ ತೂರಿಸಲು ನೋಡಿದೆ. ತುದಿಯ ಸೀಸ ಮಾತ್ರ ಹೋಯಿತು.

“ಇದೇನ ಯಪ್ಪಾ?”

“ಎರಡ ಸೂತ ಹೆಚ್ಚ ಇಟ್ಟೀನಿ.”

“ಯಾಕ?”

“ನೀ ಹೇಳಿದ ಅಳತಿಗೆ ಆಯ ಕೂಡಲಿಲ್ಲ.”

ಆಯ ಎಂದರೆ ನಮ್ಮ ಮನೆಯಲ್ಲಿ ಕೂಸಿಗೂ ಗೊತ್ತು. ಜೀವ ಇರುವಂಥದ್ದು ಒಳಗೆ ಬಾಳುವುದಕ್ಕೇ ಆಗಲಿ, ಹೊಸ ಸಂಸಾರಕ್ಕೆ ಕೊಡುವುದಕ್ಕೇ ಆಗಲಿ, ಬಾಗಿಲಿಗೆ, ತೊಟ್ಟಿಲಿಗೆ, ದನದ ಕೊಟ್ಟಿಗೆಗೆ, ಅಪ್ಪ ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸುತ್ತಾನೆ. ಉಳಿದದ್ದು ಬೆಸ ಸಂಖ್ಯೆಯಾದರೆ ಒಳ್ಳೆಯ ಆಯ. ಸರಿ ಸಂಖ್ಯೆಯಾದರೆ ಕೆಟ್ಟದ್ದು, ಮನೆಯ ಯಜಮಾನನಿಗೆ ಕೇಡು. ಗಿರಾಕಿ ತಲೆ ಮೇಲೆ ಕೂತರೂ ಅವನು ಕೆಟ್ಟ ಆಯದಲ್ಲಿ ಬಾಗಿಲು ನಿಲ್ಲಿಸಿದವನಲ್ಲ. ತಡವಾದದ್ದೂ ಅದಕ್ಕೇ. ನಾನು ಹೇಳಿದ ಅಳತೆಗೆ ಮಾಡಿ ಮುಗಿಸಿದ್ದನ್ನು ಆ ಮುಂಜಾನೆ ಬಿಚ್ಚಿ, ಎರಡು ಸೂತ, ಅಂದರೆ ಕಾಲು ಇಂಚು, ಅಗಲ ಹೆಚ್ಚಿಸಿ ಮತ್ತೆ ಮಾಡಿ ತಂದಿದ್ದ.

ನಾನು ಕೂಗಾಡಿದೆ. ಏನೇನು ಅಂದೆನೋ, ಬದುವಿನಾಚೆ ಭಾವನಿಗೂ ಕೇಳಿಸಿರಬೇಕು. “ಹುಳಕ್ಕ ಎಲ್ಲಿ ಆಯ ಯಪ್ಪಾ! ಬೀಗದ ತೂತಿನಾಗಿಂದ ಬಂದಾವ ಅವು, ಅದಕ್ಕ ಯಾವ ಆಯ ನೋಡಿದ್ದಿ? ತಗಿ ರಂದಾ, ಹೆರಿ!”

ಮರ ಹೆರೆಯುವ ರಂದಾ ಅವನ ಚೀಲದಲ್ಲೇ ಇತ್ತು. ಅವನು ಕೈ ಹಾಕಲಿಲ್ಲ.

“ನನ್ನ ಕೈ ಏಳೂದಿಲ್ಲ.”

“ಹೊತ್ತ ಮುಳಗಾಕತ್ತದ!”

“ಈ ಪೆಟಗಿಗೆ ನಾ ಆಯ ನೋಡಿದ್ದಿಲ್ಲ,” ಅಂದ. ಮುಖ ನನ್ನ ಕಡೆ ಇರಲಿಲ್ಲ, ಪೆಟ್ಟಿಗೆಯ ಕಡೆ ಇತ್ತು. “ಮದುವಿ ಗಡಿಬಿಡಿ. ಹಲಗಿ ಇದ್ದಷ್ಟು ಬಡದ ಕೊಟ್ಟೆ, ಕೊಯ್ದ್ರ ಹಾಳಾಗ್ತದಂತ. ಆಮ್ಯಾಲ ಲೆಕ್ಕ ಹಾಕಿ ನೋಡೀನಿ. ಸರಿ ಸಂಖ್ಯಾ ಬಂತು. ಏನಾತು ನೀನ ನೋಡಿದಿ. ಒಳಗಿಂದರ ಛಲೋ ಇರ್ಲಿ ಬೇ.”

ಕೈಯಲ್ಲಿದ್ದ ಚೂರಿಯಿಂದ ಜೇನು ತೊಟ್ಟಿಕ್ಕುತ್ತಿತ್ತು. ಇಷ್ಟು ವರ್ಷ ಈ ಮನುಷ್ಯ ನನ್ನ ಮನೆಗೆ ಬಂದಾಗಲೆಲ್ಲ ಹೊರಗಟ್ಟೆಯ ಮೇಲೇ ಕೂತು ಚಹಾ ಕುಡಿದು ಹೋಗುತ್ತಿದ್ದ. ನನ್ನ ಬರಿ ಹಣೆ ನೋಡಲಾರದೆ ಒಳಗೆ ಬರುವುದಿಲ್ಲ ಎಂದುಕೊಂಡಿದ್ದೆ. ಅವನು ನೋಡಲಾರದೆ ಇದ್ದದ್ದು ಈ ಪೆಟ್ಟಿಗೆಯನ್ನು, ಅದು ಹೊಲ ಸೇರಿದ್ದು ಮೊನ್ನೆಯವರೆಗೆ ಅವನಿಗೆ ಗೊತ್ತೇ ಇರಲಿಲ್ಲ. ನನಗೆ ಅಳು ಬರಬೇಕಿತ್ತು, ಸಿಟ್ಟೇ ಬಂತು. ನಂಬಿದ್ದಕ್ಕಲ್ಲ, ನಂಬಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಬ್ಬನೇ ಬೇಯುತ್ತಿದ್ದನಲ್ಲ, ಅದಕ್ಕೆ.

“ಅವರು ಸತ್ತದ್ದು ಲಾರಿ ಗುದ್ದಿ,” ಅಂದೆ. “ಪೆಟಗಿ ಗುದ್ದಿಲ್ಲ.”

ಅವನು ಅಲುಗಲಿಲ್ಲ. ಸ್ಟೂಲುಗಳ ನಡುವೆ ಎರಿಗಳ ಮೇಲಿನ ಹುಳು ಒಂದರ ಮೇಲೊಂದು ಹತ್ತಿ ಗಡ್ಡದ ಹಾಗೆ ಇಳಿಯತೊಡಗಿದ್ದವು. ಹಾರಿಹೋಗುವ ಮುಂಚೆ ಹೀಗೆ ಗುಂಪುಗೂಡುತ್ತವೆ ಎಂದು ಕೇಳಿದ್ದೆ. ನಾನೇ ಚೀಲದಿಂದ ರಂದಾ ತೆಗೆದು, ಖಾಲಿ ಚೌಕಟ್ಟೊಂದನ್ನು ಕಾಲ ನಡುವೆ ಸಿಕ್ಕಿಸಿಕೊಂಡು ಹೊಡೆದೆ. ಅಲಗು ಕಚ್ಚಿಕೊಂಡು ಮರ ಸಿಬಿರೆದ್ದಿತು. ಮತ್ತೆ ಹೊಡೆದೆ, ಮತ್ತೆ ಸಿಬಿರು.

“ನಾರಿನ ಎದುರಿಗೆ ಹೊಡಿಯಾಕತ್ತಿ,” ಎಂದ ಅಪ್ಪ. ತಡೆಯಲಾಗಲಿಲ್ಲ ಅವನಿಗೆ. ಮರ ಕೆಡುವುದನ್ನು ಅವನು ಕೂತು ನೋಡಿದವನೇ ಅಲ್ಲ. “ಕೊಡ ಇಲ್ಲಿ.”

ಕೊಟ್ಟೆ. ಅವನು ಒಂದೊಂದು ಚೌಕಟ್ಟಿನ ಎರಡೂ ಬದಿ ಹೆರೆದು, ಪೆಟ್ಟಿಗೆಯಲ್ಲಿ ಇಳಿಸಿ, ಪೆನ್ಸಿಲು ಸರಾಗ ಹಾಯುವುದನ್ನು ನೋಡಿ ನನಗೆ ಚಾಚುತ್ತಿದ್ದ. ನಾನು ಎರಿ ಕೊಯ್ದು ನೂಲು ಸುತ್ತುತ್ತಿದ್ದೆ. ಮೊದಲು ಕಟ್ಟಿದ್ದನ್ನೂ ಬಿಚ್ಚಿ ಹೆರೆಸಿ ಮತ್ತೆ ಕಟ್ಟಿದೆ. ರಾಣಿ ಎಲ್ಲಿ ಎಂದು ಹುಡುಕುತ್ತಲೇ ಇದ್ದೆ, ಒಂದು ಸಲವೂ ಕಾಣಲಿಲ್ಲ. ಅರೆದುಹೋದವುಗಳ ನಡುವೆ ಅವಳೂ ಇದ್ದಳೋ ಏನೋ. ಕೊನೆಯ ಚೌಕಟ್ಟು ಇಳಿದಾಗ ಕೋಣೆಯಲ್ಲಿ ಬೆರಳು ಕಾಣದಷ್ಟು ಮಬ್ಬು. ಟಂಟಂನವನು ಹೊರಗೆ ಹಾರ್ನ್ ಹೊಡೆಯುತ್ತಿದ್ದ.

ಬಬಲೇಶ್ವರ ದಾಟುವವರೆಗೂ ಅಪ್ಪ ಹಿಂದೆ ಪೆಟ್ಟಿಗೆಗೆ ಎದೆಯಾನಿಸಿ ಕೂತಿದ್ದ. ಪ್ರತಿ ತಗ್ಗಿಗೂ ಅದನ್ನು ತೋಳಿನಲ್ಲಿ ಒತ್ತಿ ಹಿಡಿಯುತ್ತಿದ್ದ. ಕಾಖಂಡಕಿಯಲ್ಲಿ ಅಕ್ಕನ ಹೊಲದಲ್ಲಿ ಪೆಟ್ಟಿಗೆ ಇಳಿಸಿ ತೂತಿನ ಜಾಲರಿ ಕಿತ್ತೆವು.

ಅಲ್ಲಿಂದ ಒಂದು ವಾರ ಪೆಟ್ಟಿಗೆ ತೆರೆಯುವಂತಿರಲಿಲ್ಲ. ಹುಳು ಬಿಟ್ಟುಹೋಗಿಲ್ಲ ಎಂದು ಅಕ್ಕ ದಿನಾ ಫೋನಿನಲ್ಲಿ ಹೇಳುತ್ತಿದ್ದಳು. ಆದರೆ ರಾಣಿ ಸತ್ತಿದ್ದರೆ ಅವು ಇದ್ದೂ ಇಲ್ಲದ ಲೆಕ್ಕ. ಆ ವಾರ ನನಗಿದ್ದ ಹೆದರಿಕೆ ಹುಳುಗಳದ್ದಲ್ಲ. ಹುಳು ಇನ್ನೊಂದು ಕಡೆ ಸಿಕ್ಕಾವು. ರಾಣಿ ಇಲ್ಲದಿದ್ದರೆ ಅಪ್ಪ ಅದನ್ನೂ ತನ್ನ ರಂದಾದ ಲೆಕ್ಕಕ್ಕೆ ಹಾಕಿಕೊಳ್ಳುತ್ತಾನೆ, ಸಾಯುವವರೆಗೂ ಇಳಿಸುವುದಿಲ್ಲ. ಏನೇ ಇರಲಿ, ರಾಣಿ ಇದ್ದಾಳೆ ಎಂದು ಸುಳ್ಳು ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಆದರೆ ವಾರ ಕಳೆದು ನಾನು ಕಾಖಂಡಕಿಯಲ್ಲಿ ಬಸ್ಸು ಇಳಿದರೆ ಅಪ್ಪ ನನಗಿಂತ ಮೊದಲೇ ಬಂದು ಅಕ್ಕನ ಹೊಲದ ಬದುವಿನಲ್ಲಿ ಕೂತಿದ್ದ. ಕಣ್ಣಿಗೆ ಹೊಸ ಚಾಳೀಸು.

ಮುಚ್ಚಳ ತೆಗೆದೆವು. ನಡುವಿನ ಚೌಕಟ್ಟನ್ನು ಎತ್ತಿದೆ. ಬದಿಗಳು ಎಲ್ಲೂ ಉಜ್ಜಲಿಲ್ಲ. ಎರಿಯನ್ನು ಮೇಣ ಹಾಕಿ ಮರಕ್ಕೆ ಹಿಡಿಸಿಬಿಟ್ಟಿದ್ದವು, ನನ್ನ ನೂಲನ್ನು ಅಲ್ಲಲ್ಲಿ ಕಡಿದು ಹಾಕಿದ್ದವು. ಬಿಸಿಲಿಗೆ ಹಿಡಿದು ನೋಡಿದರೆ ಕಣ್ಣು ನೀರಾಡಿ ನನಗೇನೂ ಕಾಣಲಿಲ್ಲ. ಅಪ್ಪನೇ ಬಗ್ಗಿ ನೋಡಿದ.

“ತೂತಗಳ ತಳದಾಗ ಬಿಳೀದು ಅದಾವಲಾ, ದಾರದ ತುಣುಕಿನಂಗ. ಏನವು?”

“ಮೊಟ್ಟಿ,” ಅಂದೆ. ಮೊನ್ನೆ ನಿನ್ನೆ ಇಟ್ಟ ಹಸಿ ಮೊಟ್ಟೆ. “ರಾಣಿ ಅದಾಳ ಯಪ್ಪಾ.”

ಚೌಕಟ್ಟಿನ ಒಂದು ತುದಿಯನ್ನು ಅವನೂ ಹಿಡಿದುಕೊಂಡಿದ್ದ. ತುಟಿ ಅಲುಗುತ್ತಿದ್ದವು, ಗುಣಿಸುತ್ತಿದ್ದನೋ ಭಾಗಿಸುತ್ತಿದ್ದನೋ.

“ಈ ಚೌಕಟ್ಟಿಂದು ಕೆಟ್ಟ ಆಯ,” ಅಂದ.

“ಹೂಂ.”

“ಪೆಟಗಿದೂ ಕೆಟ್ಟದ್ದ. ಆದ್ರೂ ಬದುಕ್ಯಾವು.”

“ಹೂಂ ಯಪ್ಪಾ.”

ಚಾಳೀಸು ತೆಗೆದು ನನ್ನ ಮುಖ ನೋಡಿದ. ಗಂಡ ಸತ್ತ ಮೇಲೆ ನನ್ನನ್ನು ಅಷ್ಟು ನೇರ ನೋಡಿದ್ದು ಅದೇ ಮೊದಲು.

“ಹಂಗಾರ ಅಳ್ಯಾ ಸುಮ್ನ ಸತ್ತನೇನ ಬೇ?”

ಇಷ್ಟು ವರ್ಷ ಜನ ನನಗೆ ಹಣೆಬರಹ ಅಂದಿದ್ದರು, ಕರ್ಮ ಅಂದಿದ್ದರು, ನನ್ನ ಕಾಲ್ಗುಣ ಅಂದಿದ್ದರು. ಈ ಮಾತನ್ನು ಯಾರೂ ಕೇಳಿರಲಿಲ್ಲ.

“ಹೌದು ಯಪ್ಪಾ. ಸುಮ್ನ ಸತ್ತರು.”

ಅವನು ಚೌಕಟ್ಟು ಬಿಡಲಿಲ್ಲ. ನಾನು ನನ್ನ ತುದಿಯನ್ನು ಗಟ್ಟಿ ಹಿಡಿದೆ. ಒಂದು ಹುಳುವೂ ಅರೆಯದಂತೆ ಇಬ್ಬರೂ ಕೂಡಿ ಅದನ್ನು ನಿಧಾನಕ್ಕೆ ಪೆಟ್ಟಿಗೆಯೊಳಗೆ ಇಳಿಸಿದೆವು.