ಫೋರ್ಟಿನ ಮೂರನೇ ಮಾಳಿಗೆ

ಮಗಳಿಗೆ ಶಾಲೆಯಲ್ಲಿ ಮುಂಬೈಯ ಹಳೆಯ ಕಲ್ಲಿನ ಕಟ್ಟಡಗಳ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದರು. ನಾವಿರುವ ಘೋಡಬಂದರ್ ರಸ್ತೆಯಲ್ಲಿ ಎಲ್ಲಕ್ಕಿಂತ ಹಳೆಯದೆಂದರೆ ಎದುರಿನ ಮಾಲ್. ಹಾಗಾಗಿ ಹಳೆಯ ಕಟ್ಟಡಗಳೇ ತುಂಬಿರುವ ಫೋರ್ಟ್ ಏರಿಯಾಕ್ಕೆ ಹೋಗಿ ಫೋಟೋ ತೆಗೆಯುವುದೆಂದು ತೀರ್ಮಾನವಾಯಿತು. ಶನಿವಾರವೇ ಡೊಂಬಿವಲಿಯ ತವರಿಗೆ ಹೋದೆವು. ಭಾನುವಾರ ಬೆಳಿಗ್ಗೆ ಹೊರಡುವಾಗ ನಾನು ಸುಮ್ಮನೆ ಅಮ್ಮನನ್ನೂ ಕರೆದೆ. ಅವಳು ಒಂದೇ ಮಾತಿಗೆ ಹೊರಟು ನಿಂತಳು.

ಮಂಡಿನೋವಿನ ಅಪ್ಪ ಬಾಗಿಲ ತನಕ ಬಂದು, "ಅಮ್ಮನ ಕೈ ಬಿಡಬೇಡ. ಅವಳಿಗೆ ಆಚೆ ಕಡೆ ಏನೂ ಗೊತ್ತಾಗುವುದಿಲ್ಲ" ಎಂದರು.

ನಾನೂ ಹಾಗೆಯೇ ತಿಳಿದಿದ್ದೆ. ಮದುವೆಯಾಗಿ ಉಡುಪಿಯಿಂದ ನೇರ ಡೊಂಬಿವಲಿಗೆ ಬಂದವಳು ಅಮ್ಮ. ತರಕಾರಿಯ ಭಾಜಿ ಮಾರ್ಕೆಟ್ಟು ಬಿಟ್ಟರೆ ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಬ್ಯಾಂಕಿನ ಫಾರಂ ಕೂಡ ನನ್ನಿಂದಲೇ ತುಂಬಿಸುತ್ತಿದ್ದಳು.

ಹಳಿ ರಿಪೇರಿಗೆಂದು ರೈಲು ಕಡಿಮೆ ಮಾಡುವ ಮೆಗಾಬ್ಲಾಕಿನ ದಿನ. ಲೋಕಲ್ ನಿಂತು ನಿಂತು ಕೊನೆಯ ಸ್ಟೇಷನ್ ಮುಟ್ಟುವಾಗ ಬಿಸಿಲೇರಿತ್ತು. ಹೊರಗಿನ ಸಬ್‌ವೇಗೆ ಇಳಿದು ನಾನು ಫೋನಿನ ಮ್ಯಾಪ್ ಹಿಡಿದು ಅತ್ತ ಇತ್ತ ತಿರುಗುತ್ತಿದ್ದೆ.

"ಅದನ್ನು ಒಳಗಿಡು ಮಾರಾಯ್ತಿ. ಈ ಮೆಟ್ಟಿಲಲ್ಲ, ಆಚೆಯದ್ದು. ಇದು ಕ್ರಾಫರ್ಡ್ ಮಾರ್ಕೆಟ್ಟಿಗೆ ಹೋಗ್ತದೆ" ಎಂದಳು ಅಮ್ಮ.

ಬೋರ್ಡು ಓದಿರಬೇಕು ಅಂದುಕೊಂಡೆ. ಆದರೆ ಮೇಲೆ ಬಂದ ಮೇಲೆ ಅವಳು ನಮ್ಮ ಮುಂದೆ ನಡೆಯತೊಡಗಿದಳು. ಶಟರ್ ಎಳೆದ ಅಂಗಡಿಗಳ ಸಾಲಿನಲ್ಲಿ, ಕಮಾನುಗಳ ನೆರಳು ಹಿಡಿದು, ಒಂದು ಗಲ್ಲಿಯಿಂದ ಇನ್ನೊಂದಕ್ಕೆ. ಎಲ್ಲೂ ನಿಂತು ಯೋಚಿಸಲಿಲ್ಲ. ಕೈ ಹಿಡಿದುಕೊಳ್ಳಬೇಕಾಗಿದ್ದ ನಾನು ಅವಳನ್ನು ಹಿಂಬಾಲಿಸಲು ಓಡಬೇಕಾಯಿತು.

"ಅಜ್ಜಿ ಕೋ ತೋ ಸಬ್ ರಾಸ್ತಾ ಮಾಲೂಮ್ ಹೈ!" ಎಂದಳು ಮಗಳು.

ನಾಲ್ಕು ಮಾಳಿಗೆಯ ಕಪ್ಪುಕಲ್ಲಿನ ಕಟ್ಟಡವೊಂದರ ಮುಂದೆ ಅಮ್ಮ ನಿಂತಳು. ಗೇಟಿನಲ್ಲಿ ಕೂತಿದ್ದ ವಾಚ್‌ಮನ್ ಹತ್ತಿರ, ಹಿಂದುಗಡೆಯ ಮರದ ಮೆಟ್ಟಿಲು ತೆರೆದಿದೆಯಾ ಎಂದು ಹಿಂದಿಯಲ್ಲಿ ಕೇಳಿದಳು. ಆತ ಕುರ್ಚಿಯಿಂದ ಎದ್ದೇಬಿಟ್ಟ. ಅದನ್ನು ಮುಚ್ಚಿ ಎಷ್ಟೋ ವರ್ಷವಾಯಿತು, ನಿಮಗೆ ಹೇಗೆ ಗೊತ್ತು ಎಂದ.

ಅಮ್ಮ ಮೇಲೆ ನೋಡುತ್ತಾ ನನಗೆ ಹೇಳಿದಳು: "ಮೂರನೇ ಮಾಳಿಗೆ. ಆ ಮೂಲೆಯ ಕಿಟಕಿ ಉಂಟಲ್ಲ, ಅಲ್ಲಿ ನನ್ನ ಟೈಪ್‌ರೈಟರ್ ಇತ್ತು."

"ನಿನ್ನದಾ?"

"ಹ್ಞೂಂ. ಮದುವೆಗೆ ಮೊದಲು ಎರಡು ವರ್ಷ ಇಲ್ಲಿ ಕೆಲಸದಲ್ಲಿದ್ದೆ."

ನಲವತ್ತೆರಡು ವರ್ಷ ಜೊತೆಗಿದ್ದ ಮುಖ. ಯಾರನ್ನೋ ನೋಡುತ್ತಿದ್ದೇನೆ ಅನ್ನಿಸಿತು.

ಹಾರ್ನಿಮನ್ ಸರ್ಕಲ್ಲಿನ ಗಾರ್ಡನ್ನಿನಲ್ಲಿ ಕೂತೆವು. ಮಗಳು ಫೋಟೋ ತೆಗೆಯಲು ಆಚೆ ಹೋದಳು. ಅಮ್ಮ ನಿಧಾನವಾಗಿ ಹೇಳಿದಳು. ಉಡುಪಿಯಲ್ಲಿ ಟೈಪಿಂಗ್ ಕಲಿತಿದ್ದಳು. ಮುಂಬೈಯಲ್ಲಿದ್ದ ಅಣ್ಣ, ಅಂದರೆ ನನ್ನ ಮಾವ, ಕೆಲಸ ಹುಡುಕಿ ಕರೆಸಿದ್ದ. ಅವನದು ಗಂಡಸರೇ ಇದ್ದ ರೂಮು. ಇವಳು ಹೆಂಗಸರ ಹಾಸ್ಟೆಲಿನಲ್ಲಿದ್ದಳು. ಆಮೇಲೆ ಅಪ್ಪನ ಸಂಬಂಧ ಬಂತು. ಒಬ್ಬಳೇ ಮುಂಬೈಯಲ್ಲಿದ್ದು ದುಡಿದ ಹುಡುಗಿ ಬೇಡವೆಂದು ಅಪ್ಪನ ಅಮ್ಮ ಮೊದಲೇ ಹೇಳಿದ್ದರು. ಮಾವ ತಂಗಿಯನ್ನು ಊರಿಗೆ ಕಳಿಸಿ, ಅವಳು ಊರು ಬಿಟ್ಟವಳೇ ಅಲ್ಲವೆಂದುಬಿಟ್ಟ.

"ಅಪ್ಪನಿಗೆ?"

"ಗೊತ್ತಿಲ್ಲ. ಮದುವೆಯಾದ ಹೊಸತರಲ್ಲಿ ನಿನ್ನಪ್ಪ ನನಗೆ ಗೇಟ್‌ವೇ ತೋರಿಸಿದರು, ಫೌಂಟನ್ ತೋರಿಸಿದರು. ಅಷ್ಟು ಖುಷಿಯಲ್ಲಿದ್ದರು. ನಾನು ಹೌದಾ, ಹೌದಾ ಅಂತ ನೋಡಿದೆ."

"ಹಾಗಾದ್ರೆ ನಮ್ಮ ಹತ್ತಿರವೂ ನಾಟಕವಾ ಅಮ್ಮ?" ನನ್ನ ದನಿ ಏರಿತು. ಪಕ್ಕದ ಬೆಂಚಿನವರು ತಿರುಗಿ ನೋಡಿದರು.

"ಮೊದಲು ಹೆದರಿಕೆ ಇತ್ತು. ಆಮೇಲೆ ಹೇಳಲಿಕ್ಕೆ ನಾಚಿಕೆಯಾಯ್ತು. ಮತ್ತೆ... ನನಗೇ ಮರೆತ ಹಾಗೆ ಆಗಿತ್ತು."

ಅಪ್ಪನಿಗೆ ಹೇಗೆ ತಿಳಿಸುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ. ಆ ಕಷ್ಟ ನನಗೆ ಬರಲೇ ಇಲ್ಲ. ಮನೆಗೆ ಕಾಲಿಡುತ್ತಲೇ ಮಗಳು ಫೋಟೋ ತೋರಿಸಿ, "ಅಜ್ಜ, ಯಹಾಂ ಪೇ ಅಜ್ಜಿ ಕಾ ಆಫೀಸ್ ಥಾ" ಎಂದಳು.

ಅಪ್ಪ ನಕ್ಕರು. ಅಮ್ಮ ನಗಲಿಲ್ಲ. ಅಪ್ಪನ ನಗು ಅಲ್ಲೇ ನಿಂತಿತು. ಅಮ್ಮ ನೆಲ ನೋಡುತ್ತಾ, ನನಗೆ ಹೇಳಿದ್ದನ್ನೇ ನಾಲ್ಕು ಮಾತಿನಲ್ಲಿ ಹೇಳಿದಳು. ಅವರು ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕೂತರು. "ನನ್ನ ಅಮ್ಮ ಹೋಗಿ ಎಷ್ಟು ವರ್ಷವಾಯ್ತು! ಆಮೇಲಾದರೂ ಹೇಳಬಹುದಿತ್ತಲ್ಲ" ಎಂದರು. ಅಮ್ಮ ಅಡುಗೆಮನೆಗೆ ಹೋದಳು. ಅಂದು ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಒಂದು ವಾರ ಅಪ್ಪ ಹೆಚ್ಚು ಮಾತಾಡಲಿಲ್ಲವಂತೆ. ಆಮೇಲೆ ದಿನಕ್ಕೊಂದು ಪ್ರಶ್ನೆ ಕೇಳತೊಡಗಿದರು. ಹಾಸ್ಟೆಲು ಎಲ್ಲಿತ್ತು, ಮಧ್ಯಾಹ್ನ ಎಂಥ ಊಟ, ಸಾಹೇಬ ಹೇಗಿದ್ದ. ಅಮ್ಮ ಅದನ್ನೆಲ್ಲ ಫೋನಿನಲ್ಲಿ ನನಗೆ ಒಪ್ಪಿಸುತ್ತಾಳೆ. ಮೊನ್ನೆ, ಅಲ್ಲಿ ಗೆಳತಿಯರಿದ್ದರಾ ಎಂದು ಕೇಳಿದರಂತೆ.

"ಇದ್ದರು ಅಂದೆ. ಮೂರು ಜನ" ಎಂದಳು ಅಮ್ಮ. "ಒಬ್ಬಳು ಕಲ್ಯಾಣದವಳು. ಇಲ್ಲಿಂದ ಲೋಕಲಿನಲ್ಲಿ ಹತ್ತು-ಹದಿನೈದು ನಿಮಿಷ. ಎಲ್ಲಾದರೂ ಎದುರು ಸಿಕ್ಕಿ ನನ್ನ ಗುರುತು ಹಿಡಿದರೆ ಅಂತ ನಾನು ಎಷ್ಟೋ ವರ್ಷ ಕಲ್ಯಾಣದ ಕಡೆ ತಲೆಹಾಕಿಯೂ ಮಲಗಲಿಲ್ಲ."