ರೊಟ್ಟಿ ಉಬ್ಬುವ ತನಕ

ಬೀದರಿನಲ್ಲಿ ಶಿಕ್ಷಕರಿಗೆಂದು ನಡೆದ ಒಂದು ತರಬೇತಿಯಲ್ಲಿ ನಮ್ಮನ್ನೆಲ್ಲ ಜಮಖಾನೆಯ ಮೇಲೆ ಕೂರಿಸಿ ಕಣ್ಣು ಮುಚ್ಚಿಸಿದರು. ಧ್ಯಾನ ಕಲಿಸಲು ಬಂದಿದ್ದ ಹುಡುಗಿಗೆ ಹೆಚ್ಚೂಕಡಿಮೆ ನನ್ನ ಮಗಳ ವಯಸ್ಸು. "ಉಸಿರು ಬರೋದು ನೋಡ್ರಿ, ಹೋಗೋದು ನೋಡ್ರಿ. ಬ್ಯಾರೆ ಏನೂ ಮಾಡಬ್ಯಾಡ್ರಿ" ಎಂದಳು. ಏನೂ ಮಾಡದೆ ಕೂರುವುದು ನನ್ನಂಥ ವಟವಟ ಬಾಯಿಯವಳಿಗೆ ಸುಲಭದ ಕೆಲಸವಲ್ಲ. ಮೊದಲು ಮೊಣಕಾಲು ನೆನಪಾಯಿತು, ಆಮೇಲೆ ತಿದ್ದದೆ ಬಿಟ್ಟುಬಂದ ಉತ್ತರಪತ್ರಿಕೆಗಳು, ಆಮೇಲೆ ಮನೆಯಲ್ಲಿ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ. ಅಷ್ಟರಲ್ಲಿ ಸಭಾಂಗಣದ ಹಿಂದೆ ನಮ್ಮ ಊಟಕ್ಕೆಂದು ರೊಟ್ಟಿ ಬೇಯಿಸುತ್ತಿದ್ದ ವಾಸನೆ ಕಿಟಕಿಯಿಂದ ಒಳಗೆ ಬಂತು. ಜೋಳದ ಹಿಟ್ಟು ಕಾದ ಹಂಚಿಗೆ ತಾಗಿ, ಮೇಲೆ ಸವರಿದ ನೀರು ಆರಿ, ಅಂಚು ಚೂರೇ ಚೂರು ಕಪ್ಪಾಗುವಾಗ ಏಳುವ ವಾಸನೆ. ಅಲ್ಲಿಗೆ ನನ್ನ ಉಸಿರು ಬೀದರಿನಲ್ಲೇ ಉಳಿಯಿತು, ನಾನು ಮಾತ್ರ ಭಾಲ್ಕಿಯ ನಮ್ಮ ಹಳೆಯ ಅಡುಗೆಮನೆಗೆ ಹೋಗಿ ಕೂತೆ.

ಚರ್ಚಿನ ಹಿಂದಿನ ಓಣಿಯಲ್ಲಿ ಕೆಂಪು ಕಲ್ಲಿನ ಮನೆ ಅದು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ, ಅಪ್ಪ, ಅವ್ವ, ದವಾಖಾನೆಯಲ್ಲಿ ನರ್ಸ್ ಆಗಿದ್ದ ಸುಶೀಲಾ ಅತ್ತೆ, ಕೊನೆಗೆ ನಾನು, ಇಷ್ಟೇ ಜನ. ಅಡುಗೆಮನೆಯ ಗೋಡೆಗೆ ಯಾವ ಕಾಲದಲ್ಲಿ ಸುಣ್ಣ ಬಳಿದಿದ್ದರೋ, ಹೊಗೆ ಕುಡಿದು ಕುಡಿದು ಅದು ಆಯಿಯ ಹಂಚಿನ ಬಣ್ಣಕ್ಕೇ ಬಂದಿತ್ತು. ಒಲೆಗೆ ತೊಗರಿ ಕಟ್ಟಿಗೆ ಹಾಕುತ್ತಿದ್ದರು. ಚಟಚಟ ಎಂದು ಹತ್ತಿಕೊಂಡು, ನೋಡುನೋಡುತ್ತಿದ್ದಂತೆ ಕೆಂಡವಾಗುವ ಕಟ್ಟಿಗೆ. ಸಂಜೆ ಚರ್ಚಿನ ಗಂಟೆ ನಿಂತ ಮೇಲೆ ಆಯಿ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತಿತ್ತು. ಓಣಿಯ ತುದಿಯಲ್ಲಿ ಆಡುತ್ತಿದ್ದ ನನಗೆ ಮನೆಗೆ ಬಾ ಎಂದು ಯಾರೂ ಕೂಗಿ ಕರೆಯಬೇಕಾಗಿರಲಿಲ್ಲ. ನಿಮ್ಮ ಮನೆಯಲ್ಲೂ ಅಂಥದೊಂದು ಸದ್ದು ಇದ್ದಿರಬೇಕು, ಈಗ ಅದೂ ಇಲ್ಲದಿರಬೇಕು.

ಆ ಮನೆಯಲ್ಲಿ ಆಯಿಯ ಕಾನೂನು ಒಂದಿತ್ತು. ಸಿಟ್ಟು ಹೊತ್ತುಕೊಂಡು ಯಾರೇ ಒಳಗೆ ಬರಲಿ, ಒಲೆಯ ಮುಂದೆ ಕೂತು ಒಂದು ರೊಟ್ಟಿಯನ್ನು ಮೊದಲಿಂದ ಕೊನೆಯ ತನಕ ನೋಡಬೇಕು. ಹಿಟ್ಟಿನ ಉಂಡೆ ಕೈಗೆ ಬಂದಲ್ಲಿಂದ ಹಿಡಿದು ರೊಟ್ಟಿ ಕೆಂಡಕ್ಕೆ ಆನಿಕೊಂಡು ಉಬ್ಬುವ ತನಕ. ಅಲ್ಲಿಯವರೆಗೆ ಒಂದು ಮಾತೂ ಆಡುವಂತಿಲ್ಲ. ಉಬ್ಬಿದ ಮೇಲೆ ಏನು ಬೇಕಾದರೂ ಅನ್ನಬಹುದು, ಆಯಿ ತಡೆಯುತ್ತಿರಲಿಲ್ಲ. ಸಾಲೆಯಲ್ಲಿ ಜಡೆ ಜಗ್ಗಿದವಳ ಮೇಲೆ ಉರಿದುಕೊಂಡು ಬಂದ ದಿನ ನನ್ನನ್ನೂ ಕೂರಿಸಿದ್ದಳು.

"ಬಡಿಯೂದು ಕೇಳು. ಅದರ ವಾಸನಿ ತಗೋ. ನೀರು ಎಲ್ಲಿಂದ ಆರ್ತದ, ನೋಡು."

"ಆಯಿ, ನನ್ನ ಮನಸ್ಸೆಲ್ಲ ಅಕಿ ಕಡೀನೇ ಹೋಗ್ಲತದ."

"ಹೋಗ್ತದ, ಹೋಗಲಿ. ಅದಕ್ಕ ಬೈಬ್ಯಾಡ. ಕೈ ಹಿಡಿದು ಮತ್ತ ರೊಟ್ಟಿ ಕಡಿ ಕರಕೊಂಡು ಬಾ."

ಧ್ಯಾನದ ಹುಡುಗಿ ಒಂದು ತಾಸು ಬಿಡಿಸಿ ಬಿಡಿಸಿ ಹೇಳಿದ್ದೂ ಇದನ್ನೇ. ಆಯಿ ಧ್ಯಾನ ಎಂಬ ಮಾತನ್ನು ಆಡಿದ್ದು ನಾನು ಕೇಳಿಲ್ಲ. ಅವಳಿಗೆ ಇದು ಬಂದದ್ದು ಪುಸ್ತಕದಿಂದಲೂ ಅಲ್ಲ. ನಮ್ಮ ಅಜ್ಜನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಒಮ್ಮೆ ಹೊಸ್ತಿಲಲ್ಲಿ ನಿಂತು ತನ್ನ ತಮ್ಮನಿಗೆ ಏನೋ ಒಂದು ಅಂದುಬಿಟ್ಟನಂತೆ. ತಮ್ಮ ಚಪ್ಪಲಿ ಮೆಟ್ಟಿಕೊಂಡು ಹೋದವನು ಅಣ್ಣನ ಮಣ್ಣಿಗೂ ಬರಲಿಲ್ಲ. ಏನಂದನೆಂದು ಆಯಿ ಯಾರಿಗೂ ಹೇಳಲಿಲ್ಲ, ರೊಟ್ಟಿಯ ಕಾನೂನು ಮಾತ್ರ ಮಾಡಿದಳು.

ಅಜ್ಜನ ಸಿಟ್ಟು ಅಪ್ಪನಿಗೂ ಬಂದಿತ್ತು. ಅವನು ದಿನಾ ಬಸ್ಸಿನಲ್ಲಿ ಬೀದರಿನ ಹತ್ತಿರದ ಕೊಳಾರದ ಗೋದಾಮಿನ ಕೆಲಸಕ್ಕೆ ಹೋಗಿ ಬರುತ್ತಿದ್ದ. ಒಂದು ಸಂಜೆ ಆ ಬಸ್ಸಿನಲ್ಲೇ ಯಾರೋ ಅವನ ಕಿವಿಗೆ ಸುದ್ದಿ ಹಾಕಿದರು: ಸುಶೀಲಾ ಔರಾದ ಕಡೆಯ ಎಕಂಬಾದ ಮಾಸ್ತರನನ್ನು ಮದುವೆಯಾಗುತ್ತಾಳಂತೆ, ಅವರದು ನಮ್ಮ ಹಾಗೆ ಚರ್ಚಿಗೆ ಹೋಗುವ ಮನೆಯಲ್ಲ, ಬೌದ್ಧರ ಮನೆಯಂತೆ. ಅತ್ತೆ ಈ ಸಂಗತಿಯನ್ನು ಆಯಿಗೆ ಹೇಳಿದ್ದಳು, ಅಣ್ಣನಿಗೆ ಹೇಳಲು ಧೈರ್ಯ ಸಾಲದೆ ದಿನ ದೂಡುತ್ತಿದ್ದಳು. ಅಪ್ಪ ಚಪ್ಪಲಿ ಬಿಟ್ಟ ರೀತಿಗೇ ನಮಗೆಲ್ಲ ಗೊತ್ತಾಯಿತು. ಅತ್ತೆ ಒಳಕೋಣೆಯ ಬಾಗಿಲ ಹಿಂದೆ ಸರಿದಳು. ಅವಳ ಟ್ರಂಕು ಅದಾಗಲೇ ತುಂಬಿತ್ತೆಂದು ಅವ್ವ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಅಣ್ಣ ಹೋಗು ಅಂದರೆ ಹೋಗಿಬಿಡುವುದು, ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಅವಳು ಗಟ್ಟಿ ಮಾಡಿಕೊಂಡಿದ್ದಳು. ಅವಳಿಗೂ ಅದೇ ಮನೆಯ ರಕ್ತ.

"ಕೂಡು" ಎಂದಳು ಆಯಿ.

"ಅವ್ವಾ, ಇವತ್ತ ನಿನ್ನ ರೊಟ್ಟಿ ಬ್ಯಾಡ."

"ಕೂಡು. ಒಂದ ರೊಟ್ಟಿ ನೋಡು. ಆಮ್ಯಾಲ ಏನರೆ ಅನ್ನು."

ಅಪ್ಪ ಕೂತ. ಆಯಿ ಉಂಡೆ ಕಟ್ಟಿದಳು, ಬಡಿದಳು, ಎತ್ತಿ ಹಂಚಿಗೆ ಹಾಕುವಾಗ ರೊಟ್ಟಿ ಹರಿಯಿತು. ಮತ್ತೊಂದು ಬಡಿದಳು. ಅದು ಹರಿಯಲಿಲ್ಲ, ಆದರೆ ಕೆಂಡಕ್ಕೆ ಆನಿಸಿದರೂ ಉಬ್ಬದೆ ಚಪ್ಪಟೆಯಾಗೇ ಕೂತಿತು. ನಾನು ಹುಟ್ಟಿದಾಗಿನಿಂದ ಆಯಿಯ ರೊಟ್ಟಿ ಉಬ್ಬದಿದ್ದುದನ್ನು ನೋಡಿರಲಿಲ್ಲ. ಅವಳು ಏನೂ ಆಗದವಳಂತೆ ಇನ್ನೊಂದು ಉಂಡೆ ಎತ್ತಿಕೊಂಡಳು. ಬಡಿತದ ಸದ್ದು ಮಾತ್ರ ಎಂದಿನ ಹಾಗಿರಲಿಲ್ಲ, ನಡುನಡುವೆ ತಪ್ಪುತ್ತಿತ್ತು. ಅಪ್ಪ ರೊಟ್ಟಿಯನ್ನೇ ನೋಡುತ್ತಿದ್ದ, ಕಾನೂನು ಹಾಗಿತ್ತಲ್ಲ. ರೊಟ್ಟಿ ನೋಡುತ್ತ ನೋಡುತ್ತ ಅವನಿಗೆ ಅದನ್ನು ಬಡಿಯುವ ಕೈ ಕಂಡಿತು.

"ಅವ್ವಾ, ನಿನ್ನ ಕೈ ಯಾಕ ನಡಗ್ಲತಾವ?"

ಕಾನೂನು ಮುರಿದಿತ್ತು. ಆಯಿ ಗದರಿಸಲಿಲ್ಲ, ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು.

"ನೀ ಏನಂತಿ ಅಂತ ಅಂಜಿಕಿ ಬರ್ಲತದಪ್ಪ."

ಅಪ್ಪ ಕೈ ಚಾಚಿ, ಹಂಚಿನ ಮೇಲಿದ್ದ ರೊಟ್ಟಿಯನ್ನು ತಾನೇ ತಿರುವಿ ಹಾಕಿದ, ಬೆರಳು ಸುಟ್ಟುಕೊಂಡು ಕೆಂಡಕ್ಕೆ ಆನಿಸಿದ. ಅದು ಒಂದು ಬದಿಗೆ ಸ್ವಲ್ಪ ಎದ್ದಂತೆ ಮಾಡಿ ಕೂತುಬಿಟ್ಟಿತು. ಅವನು ಎದ್ದು ಕೈ ತೊಳೆದುಕೊಂಡು, "ಸುಶೀಲಾಗ ಊಟಕ್ಕ ಕರಿ" ಎಂದು ನನಗೆ ಹೇಳಿದ. ಅಷ್ಟೇ. ಆ ಹರಿದ ರೊಟ್ಟಿ, ಚಪ್ಪಟೆ ರೊಟ್ಟಿಗಳನ್ನೇ ಎಲ್ಲರೂ ತಿಂದೆವು.

ಅಪ್ಪನ ಸಿಟ್ಟು ಇಳಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮದುವೆಗೆ ಬಂದ, ಮುಖ ಗಂಟು ಹಾಕಿಕೊಂಡೇ ಬಂದ, ಬಾಸಿಂಗದ ಸೊಟ್ಟದಿಂದ ಹಿಡಿದು ಸಾರಿನ ಉಪ್ಪಿನ ತನಕ ಎಲ್ಲದರಲ್ಲೂ ಕೊಂಕು ತೆಗೆದ. ಆ ಮಾಸ್ತರ, ನಮ್ಮ ಪ್ರಕಾಶ ಮಾವನೊಡನೆ ಮನಸ್ಸು ಬಿಚ್ಚಿ ಮಾತಾಡಲು ವರ್ಷಗಳೇ ಬೇಕಾದವು. ಆದರೆ ಅಂದು ಬಾಯಿಗೆ ಬಂದಿದ್ದ ಆ ಮಾತು ಬಾಯಲ್ಲೇ ಉಳಿಯಿತು. ಹಬ್ಬಕ್ಕೆ ಅತ್ತೆ ತವರಿಗೆ ಬರುತ್ತಲೇ ಇದ್ದಳು, ಟ್ರಂಕಿನ ತುಂಬ ಎಕಂಬಾದ ಹೆಸರುಬೇಳೆ ತುಂಬಿಕೊಂಡು.

ಈಗ ಆಯಿ ಇಲ್ಲ, ಅವ್ವನೂ ಇಲ್ಲ. ಕೆಂಪು ಕಲ್ಲಿನ ಮನೆ ಬಿದ್ದುಹೋಗಿ ಅಲ್ಲಿ ಮೊಬೈಲ್ ಅಂಗಡಿಗಳು ಎದ್ದಿವೆ. ಅಪ್ಪ ಕಡೆಗಾಲದಲ್ಲಿ ಬೀದರಿನ ನನ್ನ ಮನೆಯಲ್ಲಿದ್ದ, ಹೋದ ವರ್ಷ ತೀರಿಕೊಂಡ. ಸುಶೀಲಾ ಅತ್ತೆ ಎಕಂಬಾದಿಂದ ಬಂದಳು. ಸಮಾಧಿಯ ಬಳಿ ಒಂದು ಹನಿ ಕಣ್ಣೀರು ಹಾಕಲಿಲ್ಲ, ನಂಟರೆಲ್ಲ ಅದನ್ನೇ ಪಿಸುಗುಟ್ಟಿದರು. ಮಣ್ಣು ಮುಗಿಸಿ ಬಂದು ಸ್ನಾನ ಮಾಡಿ, ಯಾರೊಡನೆಯೂ ಮಾತಾಡದೆ ನೇರ ನನ್ನ ಅಡುಗೆಮನೆಗೆ ಹೋದಳು. ಜೋಳದ ಹಿಟ್ಟಿನ ಡಬ್ಬಿ ಹುಡುಕಿ ತೆಗೆದಳು, ನೀರು ಕಾಯಿಸಿದಳು, ಹಿಟ್ಟು ನಾದಿದಳು. ನನಗೆ ತಿಳಿಯಿತು. ಬಾಗಿಲು ಮುಂದೆ ಮಾಡಿ ಅವಳ ಪಕ್ಕ ನಿಂತೆ.

ಒಂದೇ ಒಂದು ರೊಟ್ಟಿ. ಅವಳು ಬಡಿದಳು, ಇಬ್ಬರೂ ಕೇಳಿದೆವು. ನೀರು ಅಂಚಿನಿಂದ ಆರುತ್ತ ನಡುವಿಗೆ ಬಂತು, ಇಬ್ಬರೂ ನೋಡಿದೆವು. ನನ್ನ ಮನಸ್ಸು ಹೊರಗೆ ಅಪ್ಪನ ಖಾಲಿ ಮಂಚಕ್ಕೆ ಹೋಯಿತು. ಬೈಯದೆ ಕರೆದುಕೊಂಡು ಬಂದೆ. ಗ್ಯಾಸಿನ ಉರಿಯ ಮೇಲೆ ರೊಟ್ಟಿ ನಿಧಾನಕ್ಕೆ ಎದ್ದು, ದುಂಡಗೆ ಪೂರಾ ಉಬ್ಬಿತು.

ಅತ್ತೆ ಗ್ಯಾಸ್ ಬಂದ್ ಮಾಡಿದಳು. "ಅವತ್ತ ಅಣ್ಣ ನನಗ ಏನೂ ಅನ್ನಲಿಲ್ಲ ನೋಡು" ಎಂದಳು. ಆಮೇಲೆ ಅತ್ತಳು.